ವೃದ್ಧಾಶ್ರಮವೂ ನಿಕ್ಷೇಪಧರ್ಮವೂ

ಕಳೆದ ತಿಂಗಳ ಸಂಚಿಕೆಯಲ್ಲಿ ನಮ್ಮ ಸಂಘದ ಸದಸ್ಯರೊಬ್ಬರು ವೃದ್ಧಾಶ್ರಮಗಳನ್ನು ಕುರಿತು ಬರೆದ ಲೇಖನವನ್ನು ವಾಚಕರು ಓದಿರಬಹುದು. ಭಾಷೆ ಸೊಗಸಾಗಿತ್ತು, ಓದಿ ಕಣ್ಣೊರಸಿಕೊಂಡವರೂ ಉಂಟೆಂದು ಕೇಳಿದೆನು. ಶ್ರವಣಕುಮಾರನ ಕಾವಡಿಯಿಂದ ಮೊದಲ್ಗೊಂಡು ಇಂದಿನ ಮಕ್ಕಳ ಕೃತಘ್ನತೆಯವರೆಗೆ ಲೇಖಕ ಮಹಾಶಯರು ಹೇಳಿದುದರಲ್ಲಿ ಬಹುಭಾಗವನ್ನು ನಾನೂ ಒಪ್ಪತಕ್ಕವನೇ. ಒಪ್ಪಲಾರದಿರುವುದು ಅವರು ಕೊನೆಯಲ್ಲಿ ಕೊಟ್ಟ ತೀರ್ಪನ್ನು. ವೃದ್ಧಾಶ್ರಮವೆಂಬುದೇ ಅಧರ್ಮ; ಆದುದರಿಂದ ಅದನ್ನು ತಿದ್ದುವ ಮಾತು ವ್ಯರ್ಥ; ಅದಕ್ಕೆ ಕಾಯಿದೆ ಕಟ್ಟಳೆಗಳನ್ನು ಮಾಡುವುದೆಂದರೆ ಅಧರ್ಮಕ್ಕೆ ಸರ್ಕಾರದ ಮುದ್ರೆಯೊತ್ತಿದಂತೆ; ಮಕ್ಕಳು ಮನೆಗೆ ಹಿಂದಿರುಗುವುದೊಂದೇ ಮಾರ್ಗ. ಇದು ಅವರ ಸಿದ್ಧಾಂತ.

ಒಳ್ಳೆಯದು. ಮಕ್ಕಳು ಹಿಂದಿರುಗುವ ತನಕ ಆ ಮಂಚಗಳ ಮೇಲೆ ಮಲಗಿರತಕ್ಕವರ ಗತಿಯೇನು? ಮಕ್ಕಳೇ ಇಲ್ಲದವರು ಯಾರ ದಾರಿ ಕಾಯಬೇಕು? ತೊಂಬತ್ತು ದಾಟಿದ ತಾಯಿಯನ್ನು ಎತ್ತಿ ಕೂರಿಸಬೇಕಾದ ಮಗಳಿಗೇ ಅರವತ್ತೈದು ತುಂಬಿ ಮೊಣಕಾಲು ಹಿಡಿದುಕೊಂಡಿರುವಾಗ ಆಕೆಯನ್ನು ಕೃತಘ್ನಳೆನ್ನಬಹುದೆ? ೨೦೧೧ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೆ ಮೇಲ್ಪಟ್ಟಿದ್ದರು. ಅವರಲ್ಲಿ ಒಂದು ಪಾಲು ಜನ ಪರರ ಕೈಯಲ್ಲಿ ಮುಪ್ಪನ್ನು ಕಳೆಯುವರೆಂಬುದು ಇಷ್ಟವಾದರೂ ಅನಿಷ್ಟವಾದರೂ ನಡೆದುಹೋದ ಸಂಗತಿ. ಗೋಳಾಡುವುದು ಸುಲಭ, ಗೋಳಾಟದಿಂದ ಒಬ್ಬ ಮುದುಕನ ಹಾಸಿಗೆಯೂ ಒಣಗುವುದಿಲ್ಲ.

ನಾನು ಈ ಮಾತನ್ನು ಕಟುವಾಗಿ ಆಡುತ್ತಿರುವುದಕ್ಕೆ ಕಾರಣವುಂಟು. ನನ್ನೊಡನೆ ಇಪ್ಪತ್ತೆರಡು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಗಣಿತವನ್ನು ಹೇಳಿದ ಮಿತ್ರರೊಬ್ಬರಿದ್ದಾರೆ. ಪತ್ನಿ ತೀರಿಹೋದ ಮೇಲೆ ಮರೆವಿನ ರೋಗ ಅವರನ್ನು ಹಿಡಿಯಿತು. ಮಗನು ಪರದೇಶದಲ್ಲಿ ಉದ್ಯೋಗಸ್ಥ, ಮಗಳು ಪುಣೆಯಲ್ಲಿ. ಎರಡು ವರ್ಷ ಮನೆಯಲ್ಲಿಯೇ ಆಯಾ ಇಟ್ಟು ನೋಡಿದರು. ಒಬ್ಬಳಾದ ಮೇಲೊಬ್ಬಳು ಬಿಟ್ಟುಹೋದರು. ಒಂದು ರಾತ್ರಿ ನನ್ನ ಮಿತ್ರರು ಪಂಚೆಯೊಡನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಅನಂತರ ಮಗನು ಬೆಂಗಳೂರಿನ ಹೊರವಲಯದ ಒಂದು ಆಶ್ರಮದಲ್ಲಿ ಮೂರು ಲಕ್ಷ ಠೇವಣಿಯಿಟ್ಟು, ತಿಂಗಳಿಗೆ ಮೂವತ್ತೈದು ಸಾವಿರ ಕೊಡುವ ಕರಾರಿನಿಂದ ಅವರನ್ನು ಸೇರಿಸಿದನು. ಹುಡುಗನನ್ನು ನಾನು ಚಿಕ್ಕಂದಿನಿಂದ ಬಲ್ಲೆನು, ತಂದೆಯನ್ನು ತಳ್ಳಿಹಾಕುವವನಲ್ಲ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ವೀಡಿಯೋ ಕರೆ ಮಾಡುತ್ತಿದ್ದನು. ತಂದೆ ಕ್ಷೌರ ಮಾಡಿಸಿಕೊಂಡು, ಮಡಿಸಿದ ಶರ್ಟು ತೊಟ್ಟು, ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಮಗನಿಗೆ ಸಮಾಧಾನ.

ನಾನು ಹೋದುದು ಒಂದು ಬುಧವಾರ, ಹೇಳದೆ. ಬಾಗಿಲಿನ ಮೇಲಣ ಹಲಗೆಯಲ್ಲಿ ತೈತ್ತಿರೀಯದ ಶೀಕ್ಷಾವಲ್ಲಿಯ ಆ ಪ್ರಸಿದ್ಧ ವಾಕ್ಯವನ್ನು ಬರೆಸಿದ್ದರು, ಅದೂ ಒಂದು ವಿಸರ್ಗವನ್ನು ಹೆಚ್ಚಾಗಿಟ್ಟು. ಶನಿವಾರ ಭಾನುವಾರ ಹೊರತು ಭೇಟಿಯಿಲ್ಲವೆಂದು ಕಾವಲುಗಾರನು ತಡೆದನು. ಮುಕ್ಕಾಲು ಗಂಟೆ ಹೊರಗಿನ ಕಲ್ಲಿನ ಮೇಲೆ ಕುಳಿತ ಮೇಲೆ ಬಿಟ್ಟರು. ಒಳಗೆ ನಾನು ಕಂಡುದನ್ನು ಅಲಂಕಾರವಿಲ್ಲದೆ ಹೇಳುತ್ತೇನೆ. ಮಿತ್ರರ ಎಡಗೈಯನ್ನು ಟವಲಿನಿಂದ ಮಂಚದ ಸರಳಿಗೆ ಕಟ್ಟಿದ್ದರು. ಬೆಳಿಗ್ಗೆ ಹಾಕಿದ ಡಯಾಪರು ಮಧ್ಯಾಹ್ನ ಮೂರಕ್ಕೂ ಹಾಗೆಯೇ ಇತ್ತು. ನೀರಿನ ಲೋಟ ಕಿಟಕಿಯ ಮೇಲಿತ್ತು, ಕೈಗೆಟುಕುವಂತಿರಲಿಲ್ಲ, ತುಟಿ ಸೀಳಿತ್ತು. ಆಯಾ ಬಂದು ಮಗ್ಗುಲು ತಿರುಗಿಸಿದಾಗ ಬೆನ್ನೆಲುಬಿನ ತುದಿಯಲ್ಲಿ ಒಂದು ಅಡಕೆ ಕೂರುವಷ್ಟು ಆಳದ ಹುಣ್ಣು ಕಾಣಿಸಿತು. ಅವರಿಗೆ ನನ್ನ ಗುರುತು ಸಿಕ್ಕಲಿಲ್ಲ. ಏನು ಮಾತನಾಡಬೇಕೋ ತೋಚದೆ, “ಹದಿಮೂರೇಳಲೆ?” ಎಂದೆನು. “ತೊಂಬತ್ತೊಂದು” ಎಂದರು, ತಟ್ಟನೆ.

ಹಾಸಿಗೆ ಹುಣ್ಣೆಂಬುದು ಮುಪ್ಪಿನ ಸಹಜಧರ್ಮವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಹುಮಟ್ಟಿಗೆ ಅದು ಹಾಗಲ್ಲ. ತಾನಾಗಿ ಹೊರಳಲಾರದವನನ್ನು ಸುಮಾರು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣಗಿಸಿಟ್ಟು, ಹೊಟ್ಟೆಗೆ ಸರಿಯಾಗಿ ಹಾಕಿದರೆ ಅದರಲ್ಲಿ ಹೆಚ್ಚು ಪಾಲನ್ನು ತಡೆಯಬಹುದೆಂದು ವೈದ್ಯರೂ ದಾದಿಯರೂ ಹೇಳುತ್ತಾರೆ. ಕೆಂಪಗಾದ ಚರ್ಮವು ಒತ್ತಿದಾಗ ಬಿಳುಪಾಗದೆ ಹಾಗೆಯೇ ಉಳಿಯುವುದು ಮೊದಲ ಗುರುತು. ಅಲ್ಲಿಂದ ಅಡಕೆಯಷ್ಟು ಗುಳಿ ಬೀಳುವವರೆಗೆ ಯಾರೂ ನೋಡಲಿಲ್ಲವೆಂದರೆ ಅದು ರೋಗವಲ್ಲ, ಉಪೇಕ್ಷೆ. ಉಪೇಕ್ಷೆಗೆ ಕರ್ತೃವೊಬ್ಬನು ಇದ್ದೇ ಇರುತ್ತಾನೆ.

ಆ ಕರ್ತೃ ಆಯಾ ಎಂದು ಮಾತ್ರ ಯಾರೂ ಭಾವಿಸಬಾರದು. “ರಾತ್ರಿ ನಲವತ್ತೊಂದು ಜನಕ್ಕೆ ನಾನೊಬ್ಬಳೇ ಅಜ್ಜಾ. ಇವರು ಎದ್ದು ಬಿದ್ದರೆ ನನ್ನ ಸಂಬಳದಲ್ಲಿ ಹಿಡೀತಾರೆ. ಕಟ್ಟದೆ ಏನು ಮಾಡಲಿ?” ಎಂದು ಆಕೆ ನನ್ನನ್ನೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಡಬೇಕಾದ ವ್ಯವಸ್ಥಾಪಕರು ತಮ್ಮ ಕೊಠಡಿಯಲ್ಲಿ ಕಾಫಿ ತರಿಸಿ ಬಹು ವಿನಯದಿಂದ ಮಾತನಾಡಿದರು. “ಇದು ವ್ಯಾಪಾರವಲ್ಲ ಸ್ವಾಮಿ, ಸೇವೆ. ಹೆತ್ತ ಮಕ್ಕಳು ಮಾಡದ್ದನ್ನು ನಾವು ಮಾಡುತ್ತಿದ್ದೇವೆ. ಒಪ್ಪಿಗೆಯಾಗದಿದ್ದರೆ ಕರೆದುಕೊಂಡು ಹೋಗಬಹುದು” ಎಂದು ಹೇಳಿ, ಮಗನು ಸಹಿ ಮಾಡಿದ್ದ ಒಂಬತ್ತು ಪುಟದ ಇಂಗ್ಲಿಷ್ ಕರಾರನ್ನು ಮುಂದಿಟ್ಟರು. ಬಿದ್ದರೆ, ಗಾಯವಾದರೆ, ರೋಗ ಬಂದರೆ, ಸತ್ತರೆ ಸಂಸ್ಥೆ ಹೊಣೆಯಲ್ಲ. ವರ್ಷ ತುಂಬುವ ಮೊದಲು ಬಿಟ್ಟರೆ ಠೇವಣಿ ಹಿಂದಿರುಗಿಸುವುದಿಲ್ಲ. ಹಾಗಾದರೆ ಮೂವತ್ತೈದು ಸಾವಿರ ಯಾವುದರ ಹೊಣೆಗೆ ಎಂದು ಕೇಳಿದೆನು. ಅವರು ನಕ್ಕರು.

ನಮ್ಮ ಲೇಖಕರೂ ಆ ವ್ಯವಸ್ಥಾಪಕರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರ ವಾದವೂ ಒಂದೇ ಕಡೆಗೆ ಬಂದು ನಿಲ್ಲುವುದನ್ನು ವಾಚಕರು ಗಮನಿಸಬೇಕು. ಇದು ಅಧರ್ಮ, ಇಲ್ಲಿ ಕಾಯಿದೆ ಬೇಡ ಎನ್ನುತ್ತಾರೆ ಒಬ್ಬರು. ಇದು ಸೇವಾಧರ್ಮ, ಇಲ್ಲಿ ಕಾಯಿದೆಗೇನು ಕೆಲಸ ಎನ್ನುತ್ತಾರೆ ಇನ್ನೊಬ್ಬರು. ನಡುವೆ ಟವಲಿನಲ್ಲಿ ಕಟ್ಟಿದ ಕೈ ಹಾಗೆಯೇ ಇರುತ್ತದೆ.

ಹಿರಿಯರನ್ನು ನೋಡಿಕೊಳ್ಳುವ ವಿಷಯದಲ್ಲಿ ರಾಜದಂಡ ಪ್ರವೇಶಿಸಿದರೆ ಅದು ಪಾಶ್ಚಾತ್ಯರ ರೀತಿಯೆಂಬ ಭ್ರಮೆಯೊಂದುಂಟು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ ಈ ಭ್ರಮೆ ಹೋಗುತ್ತದೆ. ಶಕ್ತಿಯಿದ್ದೂ ತಂದೆತಾಯಿಗಳನ್ನು, ಹೆಂಡತಿ ಮಕ್ಕಳನ್ನು, ಪ್ರಾಯಕ್ಕೆ ಬಾರದ ಸೋದರರನ್ನು, ವಿಧವೆಯಾದ ಸೋದರಿಯನ್ನು ಪೋಷಿಸದವನಿಗೆ ಹನ್ನೆರಡು ಪಣಗಳ ದಂಡವನ್ನು ಅವನು ವಿಧಿಸುತ್ತಾನೆ. ಧರ್ಮವನ್ನು ಬಲ್ಲವರೇ ದಂಡವನ್ನೂ ಬರೆದರು, ಏಕೆಂದರೆ ಅವರು ಮನುಷ್ಯರನ್ನೂ ಬಲ್ಲವರಾಗಿದ್ದರು.

ಆದರೆ ನನಗೆ ಈ ಸಂದರ್ಭದಲ್ಲಿ ಇನ್ನೂ ಹತ್ತಿರವೆಂದು ತೋರುವುದು ನಿಕ್ಷೇಪದ ವಿಚಾರ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿ ಎಂಬ ಪ್ರಕರಣವಿದೆ. ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಅದಕ್ಕೆ ವ್ಯಾಖ್ಯಾನ ಮಾಡಿದ್ದಾನೆ. ನಂಬಿ ಒಬ್ಬನ ಕೈಯಲ್ಲಿಟ್ಟ ವಸ್ತುವನ್ನು ಅವನು ಇಟ್ಟಂತೆಯೇ ಹಿಂದಿರುಗಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಕ್ಷಮೆಯುಂಟು. ತನ್ನ ಸ್ವೇಚ್ಛೆಯಿಂದ ಅದನ್ನು ಬಳಸಿ ಬದುಕಿದವನಿಗೆ ದಂಡವುಂಟು. ತಾಮ್ರದ ಹಂಡೆಯೊಂದನ್ನು ನೆರೆಮನೆಯಲ್ಲಿಟ್ಟು ಯಾತ್ರೆಗೆ ಹೋಗಿ ಬಂದವನು ಹಂಡೆಯಲ್ಲಿ ತಗ್ಗು ಬಿದ್ದಿದ್ದರೆ ಕೇಳಬಹುದು. ತಂದೆಯನ್ನು ಹಣ ಕೊಟ್ಟು ಇಟ್ಟವನು ತಂದೆಯ ಬೆನ್ನಲ್ಲಿ ಗುಳಿ ಬಿದ್ದಿದ್ದರೆ ಕೇಳಬಾರದೆ? ಮನುಷ್ಯನನ್ನು ಹಂಡೆಗೆ ಹೋಲಿಸಿದೆನೆಂದು ಯಾರಾದರೂ ಆಕ್ಷೇಪಿಸಿದರೆ, ಹಂಡೆಗಿರುವಷ್ಟಾದರೂ ಮರ್ಯಾದೆ ಮೊದಲು ದೊರಕಲಿ ಎಂಬುದೇ ನನ್ನ ಉತ್ತರ.

ಇನ್ನು ಈಗಿನ ಕಾಯಿದೆಗಳ ಮಾತು. ನಾನು ವಕೀಲನಲ್ಲ, ಆದರೆ ಸೂತ್ರವನ್ನು ಓದಿ ಅರ್ಥಮಾಡುವ ಅಭ್ಯಾಸ ಬಾಲ್ಯದಿಂದ ಇರುವುದರಿಂದ ಈ ಪುಸ್ತಕಗಳನ್ನು ತರಿಸಿ ಓದಿದೆನು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ ೨೦೦೭ರಲ್ಲಿ ಆಯಿತು. ಪೋಷಿಸದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ದರ್ಜೆಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನೋಟೀಸು ಮುಟ್ಟಿದ ತೊಂಬತ್ತು ದಿನದಲ್ಲಿ ಅದು ಇತ್ಯರ್ಥವಾಗತಕ್ಕದ್ದು. ವಿಶೇಷ ಕಾರಣವಿದ್ದರೆ ಇನ್ನು ಮೂವತ್ತು ದಿನ. ತಿಂಗಳಿಗೆ ಹತ್ತು ಸಾವಿರ ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವುದಾಗಿ ಹೇಳಿ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, ಪತ್ರದಲ್ಲಿ ಆ ಷರತ್ತಿದ್ದ ಪಕ್ಷದಲ್ಲಿ, ಪತ್ರವನ್ನೇ ರದ್ದುಮಾಡಿಸಬಹುದು. ಇಷ್ಟು ಮಕ್ಕಳ ವಿಷಯ, ಒಳ್ಳೆಯದೇ. ಹಣ ಪಡೆದು ಹಿರಿಯರನ್ನು ಇಟ್ಟುಕೊಳ್ಳುವ ಖಾಸಗಿ ಆಶ್ರಮವು ಎಲ್ಲಿ ನೋಂದಾಯಿಸಿಕೊಳ್ಳಬೇಕು, ಎಷ್ಟು ಜನಕ್ಕೆ ಎಷ್ಟು ಸೇವಕರಿರಬೇಕು, ಯಾರು ಬಂದು ನೋಡಬೇಕು? ಆ ಕಾಯಿದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಇದಕ್ಕೆ ಉತ್ತರ ಸಿಕ್ಕುವುದಿಲ್ಲ. ಮಗನು ಹಣ ಕೊಟ್ಟನೇ ಎಂದು ಅದು ಕೇಳುತ್ತದೆ. ಆ ಹಣ ನೀರಿನ ಲೋಟವಾಗಿ ಮುದುಕನ ಕೈಗೆ ಬಂದಿತೇ ಎಂದು ಕೇಳುವುದಿಲ್ಲ.

ಹತ್ತೊಂಬತ್ತನೆಯ ಪ್ರಕರಣ ಆಶ್ರಮಗಳನ್ನು ಹೇಳುತ್ತದೆ, ಆದರೆ ಅವು ಸರ್ಕಾರದವರು ಕಟ್ಟತಕ್ಕವು. ಜಿಲ್ಲೆಗೊಂದರಂತೆ, ನೂರೈವತ್ತು ಮಂದಿ ನಿರ್ಗತಿಕರಿಗೆ ಸ್ಥಳವಿರುವಂತೆ ಸ್ಥಾಪಿಸಬಹುದು ಎಂದಿದೆ. ‘ಬಹುದು’! ಪಾಣಿನಿಯ ಲಿಙ್ ಲಕಾರಕ್ಕೆ ವಿಧಿಯೂ ಅರ್ಥ, ಪ್ರಾರ್ಥನೆಯೂ ಅರ್ಥ. ಈ ‘ಬಹುದು’ ವಿಧಿಯಂತೂ ಅಲ್ಲ, ಪ್ರಾರ್ಥನೆಯೋ ಎಂದರೆ ಯಾರು ಯಾರನ್ನು ಪ್ರಾರ್ಥಿಸುತ್ತಿದ್ದಾರೆಂಬುದು ತಿಳಿಯದು. ೨೦೧೮ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಶ್ವನಿ ಕುಮಾರರ ಅರ್ಜಿಯ ಮೇಲೆ ತೀರ್ಪು ಕೊಡುತ್ತ, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆಯೆಂಬ ಲೆಕ್ಕವನ್ನು ರಾಜ್ಯಗಳಿಂದ ತರಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ಹನ್ನೊಂದು ವರ್ಷದ ಮೇಲೆ ಮೊದಲು ಎಣಿಸಿರಿ ಎಂದು ನ್ಯಾಯಾಲಯ ಹೇಳಬೇಕಾಯಿತು! ಎಣಿಕೆಯೇ ಇಲ್ಲದಲ್ಲಿ ತಪಾಸಣೆ ಎಲ್ಲಿಂದ ಬರಬೇಕು?

೨೦೧೯ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಒಂದು ತಿದ್ದುಪಡಿ ಮಸೂದೆ ಬಂದಿತು. ಹಿರಿಯರ ಆರೈಕೆಯ ಮನೆಗಳು ನೋಂದಾಯಿಸಿಕೊಳ್ಳಬೇಕು, ಅವುಗಳಿಗೆ ಕನಿಷ್ಠ ಮಟ್ಟವೊಂದನ್ನು ವಿಧಿಸಬೇಕು, ಹತ್ತು ಸಾವಿರದ ಮಿತಿ ಹೋಗಬೇಕು ಎಂದು ಅದರಲ್ಲಿತ್ತು. ಸ್ಥಾಯೀ ಸಮಿತಿಗೆ ಹೋಯಿತು, ವರದಿಯೂ ಬಂದಿತು. ೨೦೨೪ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಅದರೊಡನೆ ಬಿದ್ದುಹೋಯಿತು. ನಮ್ಮ ಪತ್ರಿಕೆಗಳಲ್ಲಿ ಅದಕ್ಕಾಗಿ ಅತ್ತವರನ್ನು ನಾನು ಕಾಣೆ. ಶ್ರವಣಕುಮಾರನಿಗಾಗಿ ಅಳುವವರು ಬೇಕಾದಷ್ಟು ಮಂದಿ.

ಇನ್ನೊಂದು ವಿಚಿತ್ರವನ್ನು ಹೇಳಿ ಮುಂದೆ ಹೋಗುತ್ತೇನೆ. ನರ್ಸಿಂಗ್ ಹೋಂ ಎಂದರೆ ನಮ್ಮಲ್ಲಿ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಚಿಕ್ಕ ಆಸ್ಪತ್ರೆ. ಅದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಾಯಿಸಿಕೊಳ್ಳಲೇಬೇಕು. ಆ ಕಾಯಿದೆಯೂ ೨೦೦೭ರದೇ. ಒಂದು ರಾತ್ರಿ ಡ್ರಿಪ್ ಹಾಕುವ ಮನೆಗೆ ಪರವಾನಗಿ ಬೇಕು. ಹತ್ತು ವರ್ಷ ಸಾಯುವ ತನಕ ಮಲಗಿಸಿಕೊಳ್ಳುವ ಮನೆ ‘ನಾವು ಆಸ್ಪತ್ರೆಯಲ್ಲ, ಆಶ್ರಮ’ ಎಂದು ತಪ್ಪಿಸಿಕೊಳ್ಳುತ್ತದೆ. ಟ್ರಸ್ಟೆಂದೋ ಸಂಘವೆಂದೋ ರಿಜಿಸ್ಟರಾದ ಕಾಗದವನ್ನು ಗೋಡೆಗೆ ತೂಗುಹಾಕಿದರೆ ಮಕ್ಕಳಿಗೆ ಅದೇ ಪರವಾನಗಿಯಂತೆ ಕಾಣುತ್ತದೆ. ಅದು ಪರವಾನಗಿಯಲ್ಲ.

ಹಾಗೆಂದು ಹಿರಿಯರಿಗೆ ಈಗ ಯಾವ ಹಕ್ಕೂ ಇಲ್ಲವೆಂದು ಕೈಚೆಲ್ಲಬೇಕಾದುದಿಲ್ಲ. ಹಕ್ಕುಗಳು ಉಂಟು, ಬೇರೆ ಬೇರೆ ಪುಸ್ತಕಗಳಲ್ಲಿ ಚದರಿವೆ. ನನ್ನನ್ನು ಬೆರಗುಗೊಳಿಸಿದುದು ಇವುಗಳಲ್ಲಿ ಅತ್ಯಂತ ಹಳೆಯದು. ೧೮೬೦ರ ದಂಡಸಂಹಿತೆಯ ೪೯೧ನೆಯ ಪ್ರಕರಣವು ಹೀಗೆ ಹೇಳುತ್ತಿತ್ತು: ಎಳೆತನದಿಂದಾಗಲಿ, ಬುದ್ಧಿವೈಕಲ್ಯದಿಂದಾಗಲಿ, ರೋಗ ಅಥವಾ ದೇಹದೌರ್ಬಲ್ಯದಿಂದಾಗಲಿ ತನ್ನನ್ನು ತಾನು ನೋಡಿಕೊಳ್ಳಲಾರದ ಅಸಹಾಯಕನನ್ನು ಉಪಚರಿಸುವುದಾಗಿ ಕರಾರಿನಿಂದ ಬದ್ಧನಾದವನು ಬೇಕೆಂದೇ ಅದನ್ನು ಮಾಡದೆ ಬಿಟ್ಟರೆ ಅವನು ಶಿಕ್ಷಾರ್ಹ. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ೩೫೭ನೆಯ ಪ್ರಕರಣವಾಗಿ ಉಳಿದಿದೆ. ಮೂರು ತಿಂಗಳವರೆಗೆ ಸೆರೆ, ಅಥವಾ ಐದು ಸಾವಿರದವರೆಗೆ ಜುಲ್ಮಾನೆ, ಅಥವಾ ಎರಡೂ. ಹಿಂದೆ ಜುಲ್ಮಾನೆ ಇನ್ನೂರೇ ರೂಪಾಯಿ ಇತ್ತು. ನನ್ನ ಮಿತ್ರರ ಮಂಚದ ಪಕ್ಕದಲ್ಲಿ ನಿಂತು ಬರೆದಂತಿರುವ ಈ ಪ್ರಕರಣವನ್ನು ನಾನು ವಿಚಾರಿಸಿದ ಮೂವರು ವಕೀಲರಲ್ಲಿ ಇಬ್ಬರು ಹೆಸರು ಕೂಡ ಕೇಳಿರಲಿಲ್ಲ. ಪೊಲೀಸರು ತಾವಾಗಿ ತನಿಖೆ ನಡೆಸುವ ಅಪರಾಧವಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು, ಎಂಬುದು ಅದರ ಕುಂದು. ಆದರೂ ಒಂಬತ್ತು ಪುಟದ ಕರಾರನ್ನು ತೋರಿಸಿ ನಕ್ಕವರಿಗೆ, ಆ ಕರಾರೇ ಅವರನ್ನು ಈ ಪ್ರಕರಣದೊಳಕ್ಕೆ ತರುತ್ತದೆಂಬುದು ತಿಳಿದಿರಬೇಕು.

ಕೈ ಕಟ್ಟುವ ವಿಷಯಕ್ಕೆ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ನೋಡಬೇಕು. ನೆನಪೂ ದಿಕ್ಕುದೆಸೆಯ ಅರಿವೂ ತೀರ ಕೆಡುವುದನ್ನು ಅದು ಮಾನಸಿಕ ಅಸ್ವಸ್ಥತೆಯ ಲಕ್ಷಣದಲ್ಲಿಯೇ ಸೇರಿಸಿದೆ. ಅಂಥವರನ್ನು ಆರೈಕೆಗಾಗಿ ಇಟ್ಟುಕೊಳ್ಳುವ ಮನೆಯೂ ನೋಂದಾಯಿಸಿಕೊಳ್ಳಬೇಕೆಂದು ಹೇಳುತ್ತದೆ. ಒಡನೆಯೇ ಒದಗುವ ಅಪಾಯವನ್ನು ತಡೆಯಲು ಬೇರೆ ಉಪಾಯವೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ, ಬೇಕಾದಷ್ಟು ಹೊತ್ತು ಮಾತ್ರ ದೇಹವನ್ನು ನಿರ್ಬಂಧಿಸಬಹುದು; ಅದನ್ನು ಬರೆದಿಡಬೇಕು; ರೋಗಿಯ ಪ್ರತಿನಿಧಿಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಬೇಕು. ಸೇವಕರು ಸಾಲದೆಂಬ ಕಾರಣಕ್ಕೆ ಕಟ್ಟಕೂಡದೆಂದು ಬಾಯಿಬಿಟ್ಟು ಹೇಳಿದೆ. ಆಸ್ಪತ್ರೆಗೇ ಇಲ್ಲದ ಅಧಿಕಾರ, ಆಸ್ಪತ್ರೆಯಲ್ಲವೆಂದು ಹೇಳಿಕೊಳ್ಳುವ ಆಶ್ರಮಕ್ಕೆ ಎಲ್ಲಿಂದ ಬಂದಿತು?

ಗ್ರಾಹಕರ ಸಂರಕ್ಷಣೆಯ ೨೦೧೯ರ ಕಾಯಿದೆಯನ್ನು ಮಾತ್ರ ಅನೇಕರು ಬಲ್ಲರು, ಆದರೆ ಅದು ಅಕ್ಕಿ, ಫ್ಯಾನುಗಳಿಗೆ ಎಂದುಕೊಂಡಿದ್ದಾರೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕುಂದು ಬಂದರೆ ಹಣ ಕೊಟ್ಟ ಮಗನೂ, ಅವನ ಒಪ್ಪಿಗೆಯಿಂದ ಸೇವೆ ಪಡೆಯುವ ತಂದೆಯೂ ಗ್ರಾಹಕರೇ. ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ನಿಂತು ಹೇಳಿಕೊಳ್ಳಬಹುದು. ಒಂದೇ ಕಡೆಗೆ ವಾಲಿದ ಅನ್ಯಾಯದ ಕರಾರನ್ನು ರಾಜ್ಯ ಆಯೋಗದ ಮುಂದೆ ಪ್ರಶ್ನಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಧರ್ಮಾರ್ಥವಾಗಿ ಹಣವಿಲ್ಲದೆ ಇಟ್ಟುಕೊಂಡಲ್ಲಿ ಈ ಕಾಯಿದೆ ಸಲ್ಲುವುದಿಲ್ಲ. ಬಡವನ ಹುಣ್ಣಿಗೆ ಈ ದಾರಿಯೂ ಮುಚ್ಚಿದೆ; ನೋಂದಣಿಯೂ ತಪಾಸಣೆಯೂ ಕಡ್ಡಾಯವಾಗಬೇಕೆಂದು ನಾನು ಹಟ ಹಿಡಿಯುವುದು ಮುಖ್ಯವಾಗಿ ಅವನಿಗಾಗಿ.

“ದೂರು ಕೊಟ್ಟರೆ ಹೊರಗೆ ಹಾಕುತ್ತಾರೆ, ಆಮೇಲೆ?” ಇದು ನಾನು ಎಲ್ಲ ಮನೆಗಳಲ್ಲಿಯೂ ಕೇಳಿದ ಮಾತು. ಸುಳ್ಳಲ್ಲ. ಹೆದರಿಕೆ ಮಕ್ಕಳಿಗೆ, ಅವರಿಗಿಂತ ಹೆಚ್ಚಾಗಿ ಹಿರಿಯರಿಗೆ. ಒಬ್ಬ ತಾಯಿ ನನ್ನೆದುರಿಗೇ ಮಗಳ ಕೈ ಹಿಡಿದು, “ಸುಮ್ಮನಿರಮ್ಮಾ, ನೀನು ಹೋದಮೇಲೆ ನಾನಿಲ್ಲಿರಬೇಕು” ಎಂದಳು. ತನ್ನ ವಶದಲ್ಲಿರುವ ಹಿರಿಯರನ್ನು ಕೈಬಿಡಬೇಕೆಂದೇ ಎಲ್ಲಿಯಾದರೂ ಬಿಟ್ಟುಬರುವವನಿಗೆ ೨೦೦೭ರ ಕಾಯಿದೆಯ ೨೪ನೆಯ ಪ್ರಕರಣದಲ್ಲಿ ಶಿಕ್ಷೆಯುಂಟು. ಅದನ್ನು ಮಕ್ಕಳ ಮೇಲಲ್ಲದೆ ಆಶ್ರಮದವರ ಮೇಲೂ ಹೂಡುವಂತೆ ಅದರ ಮಾತುಗಳಿವೆ. ಆದರೆ ಆ ತಾಯಿಗೆ ಬೇಕಾದುದು ಪ್ರಕರಣದ ಸಂಖ್ಯೆಯಲ್ಲ. ತಾನು ಬಾಯಿ ತೆರೆಯದಿದ್ದರೂ ತನ್ನ ಬೆನ್ನನ್ನು ನೋಡುವ, ಸಂಸ್ಥೆಯ ಸಂಬಳ ತಿನ್ನದ ಒಬ್ಬ ಮನುಷ್ಯ ಬೇಕು. ಮುನ್ಸೂಚನೆಯಿಲ್ಲದೆ ಬರುವ ತಪಾಸಣಾಧಿಕಾರಿ ಎಂದು ನಾನು ಹೇಳುವುದು ಆ ಮನುಷ್ಯನನ್ನೇ. ಅವನು ಬಂದರೆ ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಲಿ, ಪ್ರತಿಯೊಬ್ಬರನ್ನು ತಿಂಗಳಿಗೊಮ್ಮೆ ತೂಗಿದ ಲೆಕ್ಕವನ್ನು ನೋಡಲಿ. ತೂಕ ಇಳಿಯುವುದು ಸುಳ್ಳು ಹೇಳುವುದಿಲ್ಲ.

ನನ್ನ ಮಿತ್ರರ ಮಗನಿಗೆ ಆ ಬುಧವಾರದ ರಾತ್ರಿಯೇ ಫೋನಿನಲ್ಲಿ ಎಲ್ಲವನ್ನೂ ಹೇಳಿದೆನು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. “ಮೇಷ್ಟ್ರೇ, ಭಾನುವಾರ ಚೆನ್ನಾಗಿದ್ದರಲ್ಲಾ” ಎಂದನು. ಎಂಟು ದಿನದಲ್ಲಿ ಬಂದು ತಂದೆಯನ್ನು ಬೇರೆಡೆಗೆ ಕರೆದೊಯ್ದನು. ಹುಣ್ಣು ಮಾಯಲು ಐದು ತಿಂಗಳಾಯಿತು. ಠೇವಣಿ ಇನ್ನೂ ಬಂದಿಲ್ಲ, ದೂರು ಆಯೋಗದ ಮುಂದಿದೆ. ಅವನು ಚಿತ್ರಗಳನ್ನು ದಿನಾಂಕಸಹಿತ ತೆಗೆದಿಟ್ಟಿದ್ದರಿಂದಲೂ, ಹೊರಡುವ ದಿನವೇ ಸರ್ಕಾರಿ ವೈದ್ಯರಿಂದ ಗಾಯದ ಅಳತೆಯನ್ನು ಬರೆಸಿಕೊಂಡದ್ದರಿಂದಲೂ ದೂರಿಗೆ ಬಲ ಬಂದಿತೆಂದು ತಿಳಿದವರು ಹೇಳಿದರು. ಇದು ಇತರರಿಗೂ ಉಪಯೋಗಕ್ಕೆ ಬಂದೀತು. ಹಿರಿಯರ ಸಹಾಯಕ್ಕೆಂದು ಇರುವ ೧೪೫೬೭ ಎಂಬ ಫೋನಿನ ಸಂಖ್ಯೆಯನ್ನೂ ಗುರುತು ಹಾಕಿಕೊಂಡಿರುವುದು ಒಳ್ಳೆಯದು.

ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನು ಒಂದು ಸೂಚನೆಯನ್ನು ಮಂಡಿಸುವವನಿದ್ದೇನೆ. ಜಿಲ್ಲೆಯಲ್ಲಿರುವ ವೃದ್ಧಾಶ್ರಮಗಳ ಪಟ್ಟಿಯನ್ನು ನಾವೇ ತಯಾರಿಸಬೇಕು. ಇಬ್ಬಿಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಸ್ತ್ರೀಯರು, ವಾರದ ಮಧ್ಯದಲ್ಲಿ ಹೋಗಿ ಬರಬೇಕು. ಕಂಡುದನ್ನು ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಬರೆದು ತಿಳಿಸಬೇಕು. ಬಿದ್ದುಹೋದ ಮಸೂದೆಯ ಆ ಭಾಗವನ್ನು ಪುನಃ ತರಬೇಕೆಂದು ನಮ್ಮ ಸಂಸದರಿಗೆ ಸಹಿಗಳೊಡನೆ ವಿಜ್ಞಾಪಿಸಬೇಕು. ೩೫೭ನೆಯ ಪ್ರಕರಣವನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಸಿ ನಮ್ಮ ವಾಚನಾಲಯದ ಗೋಡೆಗೆ ಹಾಕಿಸುವ ಖರ್ಚನ್ನು ನಾನು ಕೊಡುತ್ತೇನೆ. ಕಳೆದ ಸಂಚಿಕೆಯ ಲೇಖಕ ಮಹಾಶಯರು ಮೊದಲನೆಯ ಭೇಟಿಗೆ ನನ್ನ ಜೊತೆಯಲ್ಲಿ ಬರುವರೆಂದು ನಂಬಿದ್ದೇನೆ. ಬುಧವಾರ ಅವರಿಗೆ ಅನುಕೂಲವಾದೀತೆ?